ಅಕ್ಕ ಆರಿಸಿದ ಹಣ್ಣುಗಳು

ನಾನು ಬಸುರಿ ಎಂದು ಹೇಳಿದ ಸಂಜೆ ಅಕ್ಕ ಬೇಳೆ ಕಲಕುತ್ತಿದ್ದ ಸೌಟನ್ನು ಪಾತ್ರೆಯ ಮೇಲೆ ಅಡ್ಡವಿಟ್ಟು, ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟಳು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಹೀಗೆ ಒಮ್ಮೆಲೇ ಹೇಳಬಾರದಿತ್ತೇನೋ ಎಂದು ಇಬ್ಬರಿಗೂ ಅನ್ನಿಸಿತು. ಆದರೆ ಸ್ವಲ್ಪ ಹೊತ್ತಿಗೇ ಅವಳು ತಿರುಗಿ ಬಂದಳು. ಸೆರಗಿನ ತುಂಬ ಪೇರಲ ಹಣ್ಣುಗಳಿದ್ದವು. ಅವನ್ನು ಉಪ್ಪುನೀರಿನ ಬೋಗುಣಿಯಲ್ಲಿ ಹಾಕಿ, ಒಂದೊಂದನ್ನೇ ಉಜ್ಜಿ ತೊಳೆದು, ಒಂದನ್ನು ಹೋಳು ಮಾಡಿ ತಟ್ಟೆಯಲ್ಲಿ ನನ್ನ ಮುಂದಿಟ್ಟಳು.

"ತಿನ್ನು. ಭಾಳ ಹಣ್ಣೂ ಆಗಿಲ್ಲ, ಭಾಳ ಕಾಯೂ ಅಲ್ಲ. ನೋಡಿ ತಂದೀನಿ," ಎಂದಳು. ಕಣ್ಣು ಮಾತ್ರ ತಟ್ಟೆಯ ಮೇಲಿತ್ತು, ನನ್ನ ಮೇಲಿರಲಿಲ್ಲ.

ಆಗ ನಾವು ಗರುಡಾಚಾರ್‌ಪಾಳ್ಯದ ಒಂದು ವಠಾರದಲ್ಲಿದ್ದೆವು. ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು, ಮೇಲೆ ತಗಡು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನೀರಿನ ನಲ್ಲಿ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ: ಕಲಬುರಗಿ, ಯಾದಗಿರಿ, ರಾಯಚೂರು. ನನ್ನ ಗಂಡ ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಮಷೀನ್ ನೋಡಿಕೊಳ್ಳುತ್ತಿದ್ದ. ನಾನು ಸ್ವಿಚ್ಚುಗಳನ್ನು ಜೋಡಿಸುವ ಇನ್ನೊಂದು ಕಾರ್ಖಾನೆಗೆ ಹೋಗುತ್ತಿದ್ದೆ. ಅಕ್ಕ ಹತ್ತಿರದ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಜೋಳದ ರೊಟ್ಟಿಯನ್ನು ಆ ಮನೆಗಳವರು ಬಾಯಿತುಂಬ ಹೊಗಳುತ್ತಿದ್ದರು.

ನಮ್ಮವ್ವ ತೀರಿಕೊಂಡಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಆಮೇಲೆ ನನ್ನ ತಲೆ ಬಾಚಿದ್ದು, ಬುತ್ತಿ ಕಟ್ಟಿದ್ದು, ನಾನು ದೊಡ್ಡವಳಾದಾಗ ಬಾಗಿಲು ಹಾಕಿಕೊಂಡು ನನಗೆಲ್ಲ ತಿಳಿಸಿ ಹೇಳಿದ್ದು ಅಕ್ಕನೇ. ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವಳ ಮದುವೆಯೇ ತಡವಾಯಿತು. ಕೊನೆಗೆ ಪಕ್ಕದ ತಾಲೂಕಿನ ಮನೆಗೆ ಕೊಟ್ಟರು. ಗಂಡ ಕೆಟ್ಟವನೇನೂ ಅಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಅವ್ವನ ಮಾತು ಮೀರುವವನಲ್ಲ, ಅಷ್ಟೇ.

ಅಲ್ಲಿ ಅವಳಿಗೆ ಮೂರು ಬಾರಿ ಬಸಿರು ನಿಂತಿತು, ಮೂರು ಬಾರಿಯೂ ಇಳಿದುಹೋಯಿತು. ಮೊದಲನೆಯ ಸಲ ನಾನು ಹೈಸ್ಕೂಲಿನಲ್ಲಿದ್ದೆ. ಯಾರದೋ ತೊಟ್ಟಿಲು ಶಾಸ್ತ್ರದಲ್ಲಿ ಅಕ್ಕ ಎರಡು ಹೋಳು ಪಪ್ಪಾಯಿ ತಿಂದದ್ದನ್ನು ಒಬ್ಬಾಕೆ ಕಂಡಿದ್ದಳಂತೆ. ಎರಡು ವಾರ ಕಳೆಯುವುದರಲ್ಲಿ ಹೊಟ್ಟೆನೋವು ಬಂತು. ಮತ್ತೆ ಹೇಳುವುದೇನಿದೆ, ಪಪ್ಪಾಯಿ ತಿಂದು ಕೂಸು ಕಳಕೊಂಡಳು ಎಂದಾಯಿತು. ಎರಡನೆಯ ಬಾರಿ ಗಂಡನೇ ಪೇಟೆಯಿಂದ ಅನಾನಸ್ ತಂದಿದ್ದ. ಅವನು ತಂದದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ, ಅವಳು ತಿಂದದ್ದು ಉಳಿಯಿತು. ಮೂರನೆಯ ಬಾರಿ ಅತ್ತೆ ಮನೆಯೊಳಗೆ ಯಾವ ಹಣ್ಣನ್ನೂ ಬಿಡಲಿಲ್ಲ. ಬಾಳೆಹಣ್ಣು ತಂಡಿ, ದ್ರಾಕ್ಷಿ ಉಷ್ಣ, ಕಿತ್ತಳೆ ಹುಳಿ. ರೊಟ್ಟಿ, ಬೇಳೆ, ಅನ್ನ ಅಷ್ಟೇ. ಐದನೆಯ ತಿಂಗಳಲ್ಲಿ ಅದೂ ಹೋಯಿತು. ಏನೂ ತಿನ್ನದೆ ಹೋದದ್ದಕ್ಕೆ ಏನು ಕಾರಣ ಕೊಡುವುದು? ಕದ್ದು ತಿಂದಿರಬೇಕು ಎಂದರು.

ಆಮೇಲೆ ಅವಳನ್ನು ನಾಲ್ಕು ದಿನ ಇದ್ದು ಬಾ ಎಂದು ತವರಿಗೆ ಕಳಿಸಿದರು. ಕರೆಯಲು ಯಾರೂ ಬರಲಿಲ್ಲ. ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಕೇಳಿದಾಗ, "ನಾಲಿಗಿ ಹಿಡಿತ ಇಲ್ಲದಾಕಿ ನಮಗ ಬ್ಯಾಡ," ಎಂದು ಆ ಅತ್ತೆ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದಳು. ಗಂಡ ಒಳಗೆ ಇದ್ದನಂತೆ, ಹೊರಗೆ ಬರಲಿಲ್ಲ. ಮುಂದಿನ ವರ್ಷ ಅವನಿಗೆ ಬೇರೆ ಮದುವೆಯಾಯಿತು. ಅಪ್ಪ ಹೋದ ಮೇಲೆ ಅಕ್ಕನನ್ನು ನಾನು ಬೆಂಗಳೂರಿಗೆ ಕರೆತಂದೆ. ಕರೆತಂದೆ ಅನ್ನುವುದಕ್ಕಿಂತ ಅವಳಿಲ್ಲದೆ ನನಗೇ ಆಗುತ್ತಿರಲಿಲ್ಲ.

ಅಕ್ಕ ಆ ಮೂರನ್ನೂ ಮಕ್ಕಳು ಎಂದು ಕರೆದದ್ದನ್ನು ನಾನು ಕೇಳಿರಲಿಲ್ಲ. ಮಾತಿನ ನಡುವೆ ಬಂದರೆ, "ಅದು ಪಪ್ಪಾಯಿ ತಿಂದಾಗಿನ ಮಾತು," "ಆಗ ಅನಾನಸಿಂದು ಆಗಿತ್ತಲ್ಲ," ಎನ್ನುತ್ತಿದ್ದಳು, ಯಾವುದೋ ಮಳೆಗಾಲದ ಗುರುತು ಹೇಳುವ ಹಾಗೆ. ತಾನು ಹಣ್ಣು ತಿನ್ನುವುದನ್ನೂ ಬಿಟ್ಟಿದ್ದಳು. ಯಾರಾದರೂ ಕೊಟ್ಟರೆ "ನನಗ ಆಗಲ್ರೀ" ಎಂದು ಪಕ್ಕದವರಿಗೆ ದಾಟಿಸುತ್ತಿದ್ದಳು.

ಅಂಥವಳು ನನಗಾಗಿ ಹಣ್ಣು ಆರಿಸತೊಡಗಿದಳು.

ಕೆಲಸ ಮುಗಿಸಿಕೊಂಡು ಕೃಷ್ಣರಾಜಪುರದ ಮಾರುಕಟ್ಟೆಗೆ ಹೋಗಿ ಬರುತ್ತಿದ್ದಳು. ರೈಲು ಇಳಿದು ಬಂದವರು, ಬಸ್ಸಿಗೆ ಓಡುವವರು, ಆಟೋಗಳು, ಅವುಗಳ ನಡುವೆ ತಳ್ಳುಗಾಡಿಗಳು. ಅಷ್ಟು ಗದ್ದಲದಲ್ಲೂ ಅಕ್ಕ ಒಂದೊಂದು ಗಾಡಿಯ ಮುಂದೆ ನಿಂತು ಒಂದೊಂದು ಹಣ್ಣನ್ನು ಕೈಯಲ್ಲಿ ತೂಗಿ ನೋಡುತ್ತಿದ್ದಳು. ದಾಳಿಂಬೆ ದುಂಡಗಿದ್ದರೆ ಬೇಡ, ಮೈ ಒತ್ತಿಕೊಂಡು ಮೂಲೆ ಎದ್ದಿರಬೇಕು, ಆಗ ಒಳಗೆ ಕಾಳು ತುಂಬಿರುತ್ತದೆ. ಕಿತ್ತಳೆ ದೊಡ್ಡದಿದ್ದರೆ ಸಾಲದು, ಕೈಗೆ ಭಾರ ಅನ್ನಿಸಬೇಕು. ಕೊಯ್ದಿಟ್ಟ ಹಣ್ಣನ್ನು ಬೀದಿಯಲ್ಲಿ ತಿನ್ನಲು ಬಿಡುತ್ತಲೇ ಇರಲಿಲ್ಲ. "ನೊಣ ಕುಂತಿದ್ದು ನಿನಗ ಕಾಣಂಗಿಲ್ಲ, ನನಗ ಕಾಣ್ತದ," ಎನ್ನುತ್ತಿದ್ದಳು.

ಭಾನುವಾರ ಒಮ್ಮೊಮ್ಮೆ ಶಿವಾಜಿನಗರಕ್ಕೆ ಹೋಗುತ್ತಿದ್ದೆವು. ಅಲ್ಲಿ ಅಕ್ಕನ ಮುಖವೇ ಬೇರೆಯಾಗುತ್ತಿತ್ತು. ಬೆಂಗಳೂರಿನ ಕನ್ನಡದ ಮುಂದೆ ಅವಳು ಸ್ವಲ್ಪ ಮುದುಡಿಕೊಳ್ಳುತ್ತಿದ್ದಳು. ಯಾರಾದರೂ ಅವಳ ಮಾತು ಕೇಳಿ ನಕ್ಕಾರೆಂಬ ಅಂಜಿಕೆ. ಆದರೆ ಶಿವಾಜಿನಗರದ ಹಣ್ಣಿನವರು ಆಡುವ ಉರ್ದು ನಮ್ಮ ಊರಿನ ಓಣಿಯ ಉರ್ದುವಿಗೆ ಹತ್ತಿರದ್ದು. "ನಕ್ಕೋ ಭಾಯ್, ಯೇ ನಕ್ಕೋ," ಎಂದು ಅವಳು ಮೆತ್ತಗಾದ ಹಣ್ಣನ್ನು ಪಕ್ಕಕ್ಕೆ ಸರಿಸಿದರೆ ಮುದುಕ ವ್ಯಾಪಾರಿಯೊಬ್ಬ ನಗುತ್ತ, "ಯಾವ ಊರಮ್ಮ ನಿಮ್ದು?" ಎಂದು ಕನ್ನಡದಲ್ಲಿ ಕೇಳುತ್ತಿದ್ದ. ಕೆಳಗಿನ ಬುಟ್ಟಿಯಿಂದ ಒಳ್ಳೆಯದನ್ನು ತೆಗೆದು ಕೊಡುತ್ತಿದ್ದ.

ಪಪ್ಪಾಯಿ ಇಟ್ಟ ಗಾಡಿ ಕಂಡರೆ ಮಾತ್ರ ನನ್ನ ಮೊಣಕೈ ಹಿಡಿದು ರಸ್ತೆಯ ಆಚೆಗೆ ದಾಟಿಸುತ್ತಿದ್ದಳು. ವಾಸನೆಯೂ ನನಗೆ ತಾಗಬಾರದು. ಒಂದು ಸಲ ಹಾಗೆ ದಾಟುವಾಗ ಬಸ್ಸೊಂದು ನಮ್ಮ ಪಕ್ಕದಲ್ಲೇ ಬ್ರೇಕ್ ಹಾಕಿತು. "ಅಕ್ಕಾ, ಪಪ್ಪಾಯಿಕಿಂತ ಮೊದಲು ಬಸ್ಸೇ ನಮ್ಮನ್ನ ಕೊಲ್ತದ ನೋಡು," ಎಂದೆ. ಅವಳು ನಗಲಿಲ್ಲ. ಆಚೆ ಬದಿ ಮುಟ್ಟುವವರೆಗೂ ನನ್ನ ಮೊಣಕೈ ಬಿಡಲಿಲ್ಲ.

ಮನೆಯ ಮಾಲೀಕರ ಹೆಂಡತಿಯನ್ನು ನಾವು ಆಂಟಿ ಎಂದು ಕರೆಯುತ್ತಿದ್ದೆವು. ಗರುಡಾಚಾರ್‌ಪಾಳ್ಯದ ಮೂಲದವರೇ, ಒಳ್ಳೆಯ ಮನಸ್ಸಿನವರು. "ನೇರಳೆಹಣ್ಣು ಗೀರಳೆಹಣ್ಣು ತಿಂದ್ಬಿಟ್ಟೀಯ, ಮಗು ಕಪ್ಪಾಗುತ್ತೆ," ಎಂದು ನನಗೆ ಎಚ್ಚರಿಸುತ್ತಿದ್ದರು. ಎದುರು ಮನೆಯಾಕೆ ಸೀತಾಫಲ ತಿಂದರೆ ಮಗುವಿಗೆ ನೆಗಡಿ ಎನ್ನುತ್ತಿದ್ದಳು. ಊರಿನಿಂದ ನನ್ನ ಅತ್ತೆ ಫೋನಿನಲ್ಲಿ ಬಾಳೆಹಣ್ಣು ಬೇಡ ಎನ್ನುತ್ತಿದ್ದರು. ಅಕ್ಕ ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳುತ್ತಿದ್ದಳು, ಎಲ್ಲವನ್ನೂ ಪಾಲಿಸಲು ನೋಡುತ್ತಿದ್ದಳು. ನನಗೋ ಬಾಯಿರುಚಿ ಕೆಟ್ಟು ಹುಚ್ಚು ಹಿಡಿದಂತಾಗಿತ್ತು. ಮಾವಿನಹಣ್ಣಿನ ಕಾಲ ಬೇರೆ. ಆದರೆ ಅವಳ ಮುಖ ನೋಡಿದರೆ ಹಟ ಮಾಡಲು ಮನಸ್ಸು ಬರುತ್ತಿರಲಿಲ್ಲ.

ಐದನೆಯ ತಿಂಗಳು ನಡೆಯುತ್ತಿದ್ದಾಗ ಹಲಸೂರಿನ ಕಡೆಯ ಹೆರಿಗೆ ಆಸ್ಪತ್ರೆಗೆ ಪರೀಕ್ಷೆಗೆ ಹೋದೆವು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ, ಅಕ್ಕನೇ ಬಂದಳು. ಐದನೆಯ ತಿಂಗಳೆಂದರೆ ಅವಳಿಗೆ ಏನು ಅನ್ನಿಸುತ್ತಿರಬಹುದು ಎಂಬುದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತನ್ನ ಕೈಯನ್ನು ನನ್ನ ಹೊಟ್ಟೆಯ ಮುಂದೆ ಅಡ್ಡ ಹಿಡಿದೇ ಕುಳಿತಿದ್ದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ರಕ್ತದ ರಿಪೋರ್ಟು ನೋಡಿ, "ರಕ್ತ ಸ್ವಲ್ಪ ಕಮ್ಮಿ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಗಾಬರಿ ಏನೂ ಬೇಡ. ಹಣ್ಣು ಏನೇನ್ ತಿಂತಿದೀರಾ?" ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಪರೀಕ್ಷೆಗೆ ಎದ್ದು ನಿಂತ ಹುಡುಗಿಯ ಹಾಗೆ ಹೇಳಿದಳು: "ಪೇರಲ ಕೊಡ್ಲಕತ್ತೀನ್ರಿ. ದಾಳಿಂಬ್ರಿ, ಕಿತ್ತಳಿ. ಎಲ್ಲಾ ಉಪ್ಪುನೀರಾಗ ತೊಳದೇ ಕೊಡ್ತೀನ್ರಿ."

"ತುಂಬಾ ಒಳ್ಳೇದು. ಜ್ಯೂಸ್ ಮಾಡ್ಬೇಡಿ, ಹಾಗೇ ತಿನ್ಲಿ. ಕಬ್ಬಿಣದ ಮಾತ್ರೆ ತಗೊಂಡಾಗ ಟೀ ಕುಡೀಬೇಡಿ, ಕಿತ್ತಳೆ ತಿನ್ನಿ, ಇಲ್ಲಾ ಸಕ್ಕರೆ ಹಾಕದೆ ನಿಂಬೆಹಣ್ಣಿನ ನೀರು ಕುಡೀರಿ. ಮಾವಿನಹಣ್ಣು, ಸಪೋಟ ಒಂದೆರಡು ಹೋಳು ಸಾಕು. ಬಾಳೆಹಣ್ಣು ಚಿಕ್ಕದೊಂದು ತಿನ್ಬಹುದು. ಯಾವುದೋ ಒಂದೇ ಹಣ್ಣು ಅಂತಲ್ಲ, ಆಯಾ ಕಾಲದಲ್ಲಿ ಸಿಗೋದು ತಿನ್ನಿ."

ನೇರಳೆಹಣ್ಣು ತಿಂದರೆ ಮಗು ಕಪ್ಪಾಗುತ್ತದೆಯೇ ಎಂದು ನಾನು ಕೇಳಿದೆ. ಅವರು ನಕ್ಕುಬಿಟ್ಟರು. "ಅಪ್ಪ ಅಮ್ಮನ ಬಣ್ಣ ಬರುತ್ತೆ. ನೇರಳೆಹಣ್ಣಿನ ಬಣ್ಣ ನಾಲಿಗೇಗಷ್ಟೇ." ನಾನೂ ನಕ್ಕೆ. ಇನ್ನೇನು ಏಳಬೇಕು, ಅಷ್ಟರಲ್ಲಿ ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ಡಾಕ್ಟ್ರೇ, ಪಪ್ಪಾಯಿ ತಿಂದ್ರ ಬಸರು ಹೋಗ್ತದಲ್ರಿ?"

"ಕಾಯಿ ಪರಂಗಿ ಬೇಡ, ಅದ್ರಲ್ಲಿ ಹಾಲಿರುತ್ತೆ. ಪೂರ್ತಿ ಹಣ್ಣಾಗಿದ್ರೆ ಎರಡು ಹೋಳಿಂದ ಏನೂ ಆಗಲ್ಲ. ಭಯ ಇದ್ರೆ ಬಿಟ್ಬಿಡಿ, ಬೇರೆ ಬೇಕಾದಷ್ಟು ಹಣ್ಣಿದಾವಲ್ಲ."

"ಅನಾನಸು?"

"ಅಷ್ಟಕ್ಕೆಲ್ಲ ಮಗು ಹೋಗಲ್ಲಮ್ಮ."

"ಮತ್ತ ಯಾಕ ಹೋಗ್ತಾವ್ರಿ?"

ಆ ದನಿ ಕೇಳಿ ಡಾಕ್ಟರಮ್ಮ ತಲೆಯೆತ್ತಿದರು. ಪೆನ್ನು ಕೆಳಗಿಟ್ಟರು. "ನಿಮಗೆ ಹಾಗಾಗಿತ್ತಾ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ಮೂರು ಬೆರಳು ತೋರಿಸಿದಳು. ಹೊರಗೆ ಬಸುರಿಯರ ಸಾಲು ಉದ್ದಕ್ಕಿತ್ತು. ಆದರೂ ಅವರು ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಎಷ್ಟನೆಯ ತಿಂಗಳಲ್ಲಿ ಹೋಯಿತು, ನೋವು ಬಂದಿತ್ತೇ, ಯಾರಾದರೂ ಪರೀಕ್ಷೆ ಮಾಡಿದ್ದರೇ ಎಂದೆಲ್ಲ ಕೇಳಿದರು. ಅಕ್ಕ ತಡವರಿಸುತ್ತ ಹೇಳಿದಳು. ಮೂರನೆಯ ಸಲ ನೋವೇ ಇರಲಿಲ್ಲ, ಭಾರವಾದ ಹಾಗಾಗಿ ನೀರು ಹೋಯಿತು ಎಂದಳು.

"ನೋಡಿ, ಮೊದಲ ತಿಂಗಳುಗಳಲ್ಲಿ ಹೋಗೋದು ತುಂಬಾ ಜನಕ್ಕೆ ಆಗುತ್ತೆ. ಎಷ್ಟೋ ಸಲ ಆ ಮಗು ಬೆಳೆಯೋದ್ರಲ್ಲೇ ತೊಂದ್ರೆ ಇರುತ್ತೆ, ಯಾರೂ ತಡೆಯೋಕಾಗಲ್ಲ. ಐದನೇ ತಿಂಗಳದು ಬೇರೆ ಇರಬಹುದು. ಕೆಲವರಿಗೆ ಗರ್ಭಕೋಶದ ಬಾಯಿ ಗಟ್ಟಿ ಇರಲ್ಲ, ಬೇಗ ತೆರ್ಕೊಂಡ್ಬಿಡುತ್ತೆ. ಅದಕ್ಕೆ ಹೊಲಿಗೆ ಹಾಕ್ತಾರೆ. ಈಗ ನೋಡ್ದೆ ಖಂಡಿತವಾಗಿ ನಾನು ಹೇಳೋಕಾಗಲ್ಲ. ಆದ್ರೆ ಒಂದು ಹೇಳ್ತೀನಿ, ಹಣ್ಣು ತಿಂದಿದ್ದಕ್ಕಲ್ಲ. ನಿಮ್ಮ ತಪ್ಪಲ್ಲ."

ಅಕ್ಕ ಕೈಮುಗಿದು ಎದ್ದಳು. ಹೊರಗೆ ಬಂದು ಮಾತ್ರೆ ತೆಗೆದುಕೊಳ್ಳುವ ಸಾಲಿನಲ್ಲಿ ನಿಂತಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಕೊಟ್ಟಳು. ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸು ತೆವಳುತ್ತಿತ್ತು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇನ್ನೊಂದು ಬಸ್ಸಿಗಾಗಿ ಇಳಿದೆವು. ಇಳಿದವಳು ಎರಡು ಹೆಜ್ಜೆ ನಡೆದು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಮೂರನೇದಕ್ಕ ನಾ ಏನೂ ತಿಂದಿದ್ದಿಲ್ಲ ತಂಗಿ," ಎಂದಳು.

"ನನಗ ಗೊತ್ತದ ಅಕ್ಕ."

"ನಿನಗ ಗೊತ್ತಿತ್ತು. ನನಗೇ ಗೊತ್ತಿದ್ದಿಲ್ಲ. ಕದ್ದು ತಿಂದಿ, ಕದ್ದು ತಿಂದಿ ಅಂತ ದಿನಾ ಅಂತಿದ್ರು. ಕೇಳಿ ಕೇಳಿ ನನಗೂ ಹಂಗೇ ಅನಸ್ಲಕತ್ತಿತು. ಎಲ್ಲಿ ನಿದ್ದಿಗಣ್ಣಾಗ ಎದ್ದು ಏನರೆ ತಿಂದಿನೇನೋ ಅಂತ. ಬಾಯಿ ಮೂಸಿ ನೋಡ್ಕೊಂತಿದ್ದೆ."

ನಾನು ಅವಳ ಪಕ್ಕದಲ್ಲಿ ಕುಳಿತೆ. ಅವಳು ಅಳಲಿಲ್ಲ. ನಮ್ಮ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಕೊನೆಗೆ ಅವಳೇ, "ನೀ ಹಸದಿರ್ತೀ, ನಡಿ," ಎಂದು ಎದ್ದಳು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮಾಲೀಕರ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅಕ್ಕ ಒದ್ದೆ ಕೈಯನ್ನು ಒರೆಸಿಕೊಂಡು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. "ಅವರ ನಂಬರ್ ಹಚ್ಚಿ ಕೊಡು," ಎಂದಳು. ಯಾರ ನಂಬರು ಎಂದು ಕೇಳಬೇಕಾಗಲಿಲ್ಲ. ಊರಿನ ಚಿಕ್ಕಪ್ಪನ ಮಗನಿಂದ ಅದನ್ನು ಅವಳು ಹಿಂದಿನ ದಿನವೇ ತರಿಸಿಕೊಂಡಿದ್ದಳು. ನಾನು ನಂಬರು ಒತ್ತಿ ಕೊಟ್ಟೆ.

ಆ ಕಡೆ ಅವಳ ಮಾಜಿ ಗಂಡ ಎತ್ತಿಕೊಂಡ. ನನಗೆ ಕೇಳಿಸಿದ್ದು ಅಕ್ಕನ ಮಾತು ಮಾತ್ರ.

"ನಾನ್ರೀ... ಹೌದು, ನಾನೇ. ಏನೂ ಇಲ್ಲ, ಒಂದು ಮಾತು ಹೇಳಬೇಕಾಗಿತ್ತು. ತಂಗಿನ್ನ ಕರಕೊಂಡು ದವಾಖಾನಿಗಿ ಹೋಗಿದ್ದೆ. ಅಲ್ಲಿ ಡಾಕ್ಟರು ಹೇಳ್ಯಾರ, ಹಣ್ಣಿನಿಂದ ಹಂಗ ಆಗಲ್ಲಂತ. ನಾ ತಿಂದಿದ್ದಕ್ಕ ಹೋಗಿದ್ದಲ್ಲಂತ. ನಿಮಗ ಹೇಳಬೇಕನಸ್ತು."

ಆಮೇಲೆ ಅವಳು ಕೇಳುತ್ತ ನಿಂತಳು. ಕೈಯಲ್ಲಿದ್ದ ನನ್ನ ಲಂಗದಿಂದ ನೀರು ಅವಳ ಕಾಲಮೇಲೆ ತೊಟ್ಟಿಕ್ಕುತ್ತಿತ್ತು.

"ಯಾವಾಗ?" ಎಂದಳು. ಮತ್ತೆ, "ನಿಮಗಷ್ಟೇ ಹೇಳಿದ್ರೇನು?" ಎಂದಳು. ಕೊನೆಗೆ, "ಆಯ್ತು. ಮಕ್ಕಳು ಆರಾಮ ಅದಾವಲ್ಲ? ಆಯ್ತು, ಇಡ್ತೀನಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ಉಳಿದ ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದ ಮೇಲೆಯೇ ಅವಳು ನನಗೆ ಹೇಳಿದ್ದು. ಮೂರನೆಯ ಸಲ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿನ ಡಾಕ್ಟರು ಆಗಲೇ ಗಂಡನನ್ನು ಒಳಗೆ ಕರೆದು ಹೇಳಿದ್ದರಂತೆ. ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುಂದಿನ ಬಾರಿ ಮೂರನೆಯ ತಿಂಗಳಲ್ಲೇ ಕರೆತನ್ನಿ, ಹೊಲಿಗೆ ಹಾಕಿದರೆ ಮಗು ನಿಲ್ಲುತ್ತದೆ ಎಂದಿದ್ದರಂತೆ. ಅವನು ಅದನ್ನು ತನ್ನ ಅವ್ವನಿಗೆ ಹೇಳಿದ. ಅವ್ವ, ಸೊಸೆಗೆ ಹೇಳಬೇಡ, ಆಮೇಲೆ ತಲೆಯ ಮೇಲೆ ಕೂಡುತ್ತಾಳೆ ಎಂದಳು. ಅವನು ಹೇಳಲಿಲ್ಲ.

"ಅವರಿಗಿ ಅವತ್ತೇ ಗೊತ್ತಿತ್ತಂತ," ಎಂದಳು ಅಕ್ಕ. "ತಪ್ಪಾತು ಅಂದ್ರು. ನಾ ಏನನ್ಲಿ?"

ನನ್ನ ಗಂಡನಿಗೆ ವಿಷಯ ತಿಳಿದಾಗ ಅವನು ಕೂತಲ್ಲಿ ಕೂರಲಾರದಾದ. ಈಗಲೇ ಊರಿಗೆ ಹೋಗಿ ನಾಲ್ಕು ಜನರ ಮುಂದೆ ಅವನನ್ನು ನಿಲ್ಲಿಸಿ ಕೇಳುತ್ತೇನೆ ಎಂದು ಅಂಗಿ ಹಾಕಿಕೊಂಡ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ್ರಿ. ಆ ಹೆಣ್ಣುಮಗಳು ಮಕ್ಕಳನ್ನ ಕಟಗೊಂಡು ಸಂಸಾರ ಮಾಡ್ಲಕತ್ಯಾಳ. ಅಕಿ ಏನ್ ಮಾಡ್ಯಾಳ? ನೀವು ಜಗಳಾಡಿ ನನಗ ಏನು ತಂದು ಕೊಡ್ತೀರಿ?" ಎಂದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತ ಮಂಚದ ಮೇಲೆ ಕುಳಿತು, ಮುಖ ಮುಚ್ಚಿಕೊಂಡು ಅತ್ತ. ಅಳಬೇಕಾಗಿದ್ದವಳು ಅಳಲಿಲ್ಲ, ಅವನು ಅತ್ತ.

ಅಕ್ಕ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಗೋಡೆಯ ಕಡೆ ತಿರುಗಿ ಚಾಪೆಯ ಮೇಲೆ ಮಲಗಿದ್ದಳು. ಜ್ವರವಿಲ್ಲ, ನೋವಿಲ್ಲ. ಊಟಕ್ಕೆ ಎಬ್ಬಿಸಿದರೆ ಎದ್ದು ಎರಡು ತುತ್ತು ತಿಂದು ಮತ್ತೆ ಮಲಗುತ್ತಿದ್ದಳು. ಆ ದಿನಗಳಲ್ಲಿ ಹಣ್ಣು ತಂದದ್ದು ನಾನೇ. ಫ್ಯಾಕ್ಟರಿಯಿಂದ ಬರುವಾಗ ಮೊದಲು ಕಂಡ ಗಾಡಿಯಲ್ಲಿ ಕಿತ್ತಳೆ ತೆಗೆದುಕೊಂಡು ಬಂದೆ. ಸುಲಿದರೆ ಒಳಗೆ ರಸವೇ ಇಲ್ಲ, ತೊಳೆಗಳು ಬತ್ತಿ ನಾರಾಗಿದ್ದವು. ಆದರೂ ಕೂತು ಅಗಿಯುತ್ತಿದ್ದೆ. ಅಕ್ಕ ಅತ್ತ ಕಡೆಯಿಂದಲೇ ಆ ಸದ್ದು ಕೇಳಿಸಿಕೊಂಡಿರಬೇಕು. ಎದ್ದು ಬಂದು ನನ್ನ ಕೈಯಿಂದ ಒಂದು ತೊಳೆ ತೆಗೆದು ಹಿಸುಕಿ ನೋಡಿದಳು.

"ಇದನ್ನೇನು ತಿಂತಿ? ಬರೇ ತೊಗಲು," ಎಂದು ಚೀಲ ಹುಡುಕಿ ಹೊರಟಳು.

ಆಮೇಲೆ ಅವಳು ಮೊದಲಿನಂತೆಯೇ ಎಲ್ಲವನ್ನೂ ಮಾಡಿದಳು. ಡಾಕ್ಟರಮ್ಮ ಹೇಳಿದಂತೆ ಮಾತ್ರೆಯ ಜೊತೆ ಕಿತ್ತಳೆ, ಹತ್ತು ಗಂಟೆಗೆ ಡಬ್ಬಿಯಲ್ಲಿ ದಾಳಿಂಬೆ, ಸಂಜೆ ಪೇರಲ, ಅಪರೂಪಕ್ಕೆ ಎರಡೇ ಎರಡು ಹೋಳು ಮಾವು. ಆಂಟಿ ಎಚ್ಚರಿಸುತ್ತಿದ್ದ ನೇರಳೆಹಣ್ಣನ್ನೂ ಒಂದು ದಿನ ತಂದುಕೊಟ್ಟಳು. ಆದರೆ ಮೊದಲಿದ್ದ ಹೆದರಿಕೆಯ ಜಾಗದಲ್ಲಿ ಈಗ ಇನ್ನೇನೋ ಬಂದು ಕೂತಿತ್ತು. ರಸ್ತೆ ದಾಟಿಸುತ್ತಿರಲಿಲ್ಲ. ಯಾವ ಗಾಡಿಯ ಮುಂದೆಯೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಸುಮ್ಮನೆ ಆರಿಸಿ, ಚೀಲಕ್ಕೆ ಹಾಕಿಕೊಂಡು, ಬೇರೆಲ್ಲೋ ನೋಡುತ್ತ ನಡೆಯುತ್ತಿದ್ದಳು. ಹೆದರಿಕೆ ಇದ್ದಾಗ ಅವಳಿಗೆ ಮಾಡಲು ಒಂದು ಕೆಲಸವಿತ್ತು. ಎಚ್ಚರವಾಗಿದ್ದರೆ ನನ್ನದನ್ನಾದರೂ ಉಳಿಸಿಕೊಳ್ಳಬಹುದು ಎಂದು ನಂಬಿದ್ದಳು. ಯಾರ ಎಚ್ಚರಕ್ಕೂ ನಿಲ್ಲದಂಥದು ಇರುತ್ತದೆ, ಉಳಿಸಬಹುದಾಗಿದ್ದನ್ನು ಒಂದು ಮಾತು ಹೇಳದೆ ಬಿಟ್ಟವರೂ ಇರುತ್ತಾರೆ ಎಂದು ಗೊತ್ತಾದ ಮೇಲೆ ಅವಳು ಏನನ್ನು ಹಿಡಿದುಕೊಳ್ಳಬೇಕಿತ್ತು? ನನ್ನ ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಅದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಪ್ರತಿ ಸಲವೂ ಯೋಚಿಸುತ್ತಿದ್ದೆ. ಹೇಳಿದರೆ ಕೈಯಿಟ್ಟು ನೋಡುತ್ತಿದ್ದಳು. "ಹೂಂ, ಜೋರದ," ಎನ್ನುತ್ತಿದ್ದಳು. ಆಮೇಲೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು, ತೊಳೆದಿಟ್ಟವನ್ನೇ.

ಹೆರಿಗೆ ಅದೇ ಆಸ್ಪತ್ರೆಯಲ್ಲಾಯಿತು. ಆಪರೇಷನ್ ಮಾಡಬೇಕಾಯಿತು. ಹೆಣ್ಣುಮಗು. ನನ್ನನ್ನು ಹೊರಗೆ ತಂದಾಗ ನನಗೆ ಅರ್ಧಂಬರ್ಧ ಎಚ್ಚರ. ಆಯಾ ಮಗುವನ್ನು ಸುತ್ತಿಕೊಂಡು ಬಂದು, "ಅಜ್ಜಿ ಯಾರು? ಬನ್ನಿ, ಹಿಡ್ಕೊಳ್ಳಿ," ಎಂದು ಅಕ್ಕನನ್ನು ನೋಡಿ ಕರೆದಳು. ಅಕ್ಕನಿಗೆ ಆಗ ನಲವತ್ತೂ ಆಗಿರಲಿಲ್ಲ. ತಲೆಯ ಮುಂಭಾಗ ಬೆಳ್ಳಗಾಗಿತ್ತು, ಅಷ್ಟೇ. ಅವಳು ತಿದ್ದಲಿಲ್ಲ. ಎರಡೂ ಕೈ ಮುಂದೆ ಚಾಚಿದಳು, ಮತ್ತೆ ಹಿಂದಕ್ಕೆಳೆದು ಸೆರಗಿಗೆ ಒರೆಸಿಕೊಂಡಳು, ಮತ್ತೆ ಚಾಚಿದಳು.

ಊರಲ್ಲಿ ಯಾರೂ ಅವಳ ಕೈಗೆ ಹಸುಗೂಸು ಕೊಡುತ್ತಿರಲಿಲ್ಲ. ತೊಟ್ಟಿಲು ಶಾಸ್ತ್ರಗಳಿಗೆ ಕರೆಯುವುದನ್ನೂ ಬಿಟ್ಟಿದ್ದರು. ಮಗುವನ್ನು ಎದೆಗೆ ಹಿಡಿದುಕೊಂಡು ಅವಳು ನನ್ನ ಮಂಚದ ಹತ್ತಿರ ಬಂದಳು. "ಎಷ್ಟು ಬೆಚ್ಚಗದ ನೋಡು," ಎಂದಳು. ನನ್ನ ಗಂಡ, ಪಕ್ಕದ ಮಂಚದವರು ಎಲ್ಲರೂ ಮಗು ಯಾರ ಹಾಗಿದೆ ಎಂದು ನೋಡುತ್ತಿದ್ದರು. ಅವಳು ಅದನ್ನೊಂದೇ ಹೇಳುತ್ತಿದ್ದಳು, ಬೆಚ್ಚಗದ, ಬೆಚ್ಚಗದ ಎಂದು.

ಬಾಣಂತನವನ್ನೆಲ್ಲ ಅವಳೇ ಮಾಡಿದಳು. ಎಣ್ಣೆ, ಬಿಸಿನೀರು, ಲೋಬಾನದ ಹೊಗೆ. ಮಗು ಅವಳ ಕೈಯಲ್ಲಿ ಸುಮ್ಮನಾಗುವಷ್ಟು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಒಂದು ದಿನ ಆಂಟಿ ಬಂದು ನೋಡಿ, "ಈ ಮಗೂಗೆ ಇಬ್ರು ಅಮ್ಮಂದಿರು ಬಿಡಮ್ಮ," ಎಂದು ಮೆಚ್ಚಿಕೆಯಿಂದಲೇ ಹೇಳಿದರು. ಅಕ್ಕ ನಕ್ಕಳು. ಆದರೆ ಅದೇ ತಿಂಗಳು ಅವಳು ಕಮ್ಮನಹಳ್ಳಿಯಲ್ಲಿ ಒಬ್ಬ ವಯಸ್ಸಾದ ತಾಯಿಯನ್ನು ಹಗಲು ರಾತ್ರಿ ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡಳು.

ನಾನು ಬಹಳ ಜಗಳವಾಡಿದೆ. "ನಾನೇನರೆ ಅಂದೀನೇನು? ನಿನ್ನ ಕೂಸೇ ಅದ ಅದು," ಎಂದೆ.

"ಅದಕ್ಕೇ ಹೊಂಟೀನಿ," ಎಂದಳು. "ಕೂಸು ನನ್ನ ಮೈಗಿ ಭಾಳ ಹತ್ತಲಕತ್ತದ. ಹಾಲಿಲ್ಲದ ಎದಿಗಿ ಬಾಯಿ ಹಾಕ್ತದ. ನನಗ ತಡಕೊಳ್ಳಲಕ್ ಆಗಲ್ಲ ತಂಗಿ. ದೂರ ಇದ್ದು ಬಂದು ಹೋಗ್ತೀನಿ, ಬ್ಯಾಡನಬ್ಯಾಡ."

ಹಾಗೆಯೇ ಆಯಿತು. ಭಾನುವಾರ ಬಂದು ಸಂಜೆಗೆ ಹಿಂತಿರುಗುತ್ತಾಳೆ. ಮಗಳು ಅವಳನ್ನು ದೊಡ್ಡವ್ವ ಎನ್ನುತ್ತಾಳೆ, ಬಸ್ಸು ಹತ್ತಿಸಿ ಬರುವಾಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿರುತ್ತಾಳೆ. ಆ ಮಾಜಿ ಗಂಡ ಮತ್ತೆಂದೂ ಫೋನ್ ಮಾಡಲಿಲ್ಲ, ಅಕ್ಕನೂ ಮಾಡಲಿಲ್ಲ. ಅವನ ಅವ್ವ ತೀರಿಕೊಂಡಳೆಂಬ ಸುದ್ದಿ ಬಂದಾಗ ಅಕ್ಕ ಒಂದು ಹೊತ್ತು ಊಟ ಬಿಟ್ಟಳು.

ಕಳೆದ ಜೂನಿನಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದೆವು. ಅಕ್ಕ ಒಂದು ದಿನದ ರಜೆ ಕೇಳಿಕೊಂಡು ಬಂದಿದ್ದಳು. ಮಗಳನ್ನು ಒಳಗೆ ಬಿಟ್ಟು ನಾವಿಬ್ಬರೂ ಕೃಷ್ಣರಾಜಪುರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಕಾಲೇಜಿನ ಹುಡುಗ ಹುಡುಗಿಯರ ಒಂದು ಗುಂಪು ಬೆನ್ನಿಗೆ ಬ್ಯಾಗು ಹಾಕಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ, ಜೋರಾಗಿ ನಗುತ್ತ ಅಲ್ಲಿಗೆ ಬಂತು. ಅಕ್ಕ ಅವರನ್ನೇ ನೋಡುತ್ತಿದ್ದಳು.

"ನನ್ನ ದೊಡ್ಡದು ಇದ್ದಿದ್ರ ಈಗ ಇವರಷ್ಟಾಗಿರ್ತಿತ್ತು," ಎಂದಳು.

ನನ್ನ ದೊಡ್ಡದು ಎಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ಕಡೀದು ಗಂಡಿತ್ತು," ಎಂದಳು ಮತ್ತೆ. "ಯಾರಿಗೂ ಹೇಳಿಲ್ಲ ನಾ. ಒಯ್ಯೋ ಮುಂದ ಅರಿವಿ ಸರಿಸಿ ನೋಡಿದ್ದೆ. ಇಷ್ಟೇ ಇತ್ತು, ಅಂಗೈಯಷ್ಟು. ಮೂಗು ನಮ್ಮಪ್ಪನ ಮೂಗೇ. ಬೆರಳಿಗಿ ಉಗುರು ಸೈತ ಮೂಡಿದ್ದವು ನೋಡು."

ಅಷ್ಟು ಹೇಳಿ ಅವಳು ಅಳಲು ಶುರುಮಾಡಿದಳು. ಬಾಯಿಗೆ ಸೆರಗು ಹಿಡಿಯಲಿಲ್ಲ, ಮುಖ ತಿರುಗಿಸಲಿಲ್ಲ. ಬಸ್ ಸ್ಟಾಪಿನಲ್ಲಿ ಎಲ್ಲರ ನಡುವೆ ನಿಂತು, ಮನೆಯಲ್ಲಿ ಸಾವಾದಾಗ ಹೆಂಗಸರು ಅಳುವಂತೆ ಅತ್ತಳು. ಕಾಲೇಜಿನ ಹುಡುಗಿಯೊಬ್ಬಳು ನಗುವುದನ್ನು ನಿಲ್ಲಿಸಿ ಹತ್ತಿರ ಬಂದು, "ಆಂಟಿ, ಏನಾಯ್ತು? ನೀರು ಬೇಕಾ?" ಎಂದು ಬಾಟಲಿ ಮುಂದೆ ಹಿಡಿದಳು.

ನಾನು ಬಾಟಲಿ ಇಸಿದುಕೊಂಡೆ. "ಮಕ್ಕಳು ಹೋಗಿದಾವಮ್ಮ ಅವಳಿಗೆ," ಎಂದೆ. ಯಾವಾಗ ಎಂದು ಆ ಹುಡುಗಿ ಕೇಳಲಿಲ್ಲ. ಅಕ್ಕನ ಭುಜದ ಮೇಲೆ ಕೈಯಿಟ್ಟುಕೊಂಡು, ಅಕ್ಕನ ಬಸ್ಸು ಬರುವವರೆಗೂ ನಮ್ಮ ಜೊತೆ ನಿಂತಿದ್ದಳು.